ತಲೆ ಸುತ್ತದಿದ್ದರೆ ಬಿಪಿ ಇಲ್ಲವೇ?



‘ತಲೆ ಸುತ್ತಿಲ್ಲ, ಹಾಗಾಗಿ ಬಿಪಿ ಇಲ್ಲ’ ಎಂಬ ಲೆಕ್ಕಾಚಾರ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ರಕ್ತದೊತ್ತಡ ಸಾಮಾನ್ಯವಾಗಿ ಸದ್ದಿಲ್ಲದೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2019ರಲ್ಲಿ ಅಧಿಕ ರಕ್ತದೊತ್ತಡವಿದ್ದ 30ರಿಂದ 79 ವರ್ಷದ 128 ಕೋಟಿ ಜನರಲ್ಲಿ ಶೇ 46ರಷ್ಟು ಮಂದಿಗೆ ಅದಿರುವುದೇ ಗೊತ್ತಿರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅಳೆಯದೆ 140/90 ದಾಟಿದ್ದು ತಿಳಿಯುವ ಬಗೆಯಿಲ್ಲ. ಮಾತ್ರೆ ಶುರು ಮಾಡಿದರೆ ಬಿಡಲಾಗದು ಎಂಬ ಆಕ್ಷೇಪವುಂಟು. ನಿಜ, ಹಲವರಿಗೆ ಅದು ದೀರ್ಘಕಾಲ ಬೇಕು. ಆದರೆ ಅದು ಚಟವಲ್ಲ, ಕನ್ನಡಕದ ಹಾಗೆ, ತೆಗೆದರೆ ಮಬ್ಬು ಮರಳುತ್ತದೆ. ‘ಉಪ್ಪು ಕಡಿಮೆ ಮಾಡಿದರೆ ಸಾಕು’ ಎನ್ನುವವರೂ ಎಲೆಯ ತುದಿಗೆ ಬಡಿಸಿದ ಚಿಟಿಕೆ ಉಪ್ಪನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಹಪ್ಪಳ, ಬೇಕರಿಯ ಖಾರಾ ಬನ್, ಕೊನೆಗೆ ಹೆಸರಲ್ಲೇ ಉಪ್ಪಿರುವ ಉಪ್ಪಿನಕಾಯಿಯೂ ಆ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ 5 ಗ್ರಾಂ ಒಳಗಿರಬೇಕಾದ ಉಪ್ಪು ಮಧ್ಯಾಹ್ನದ ಊಟಕ್ಕೇ ಮುಗಿದುಹೋಗಿರಬಹುದು.