ಅಲನ್ ಸತ್ತನೇ? ನಲವತ್ತು ವರ್ಷ ಬಿಡದೆ ಕೇಳಿದ ಓದುಗರು

ನಮ್ಮಲ್ಲಿ ಕಲಿತು ಈಗ ಪೇಟೆಯ ಕಾಲೇಜಿನಲ್ಲಿರುವ ಹುಡುಗನೊಬ್ಬ ಓಣಂ ರಜೆಗೆ ಊರಿಗೆ ಬಂದಾಗ ದಪ್ಪದೊಂದು ಇಂಗ್ಲಿಷ್ ಪುಸ್ತಕ ಕೈಗಿತ್ತು, "ಮಾಷ್ಟ್ರೇ, ಇದೊಂದು ಓದಿ ನೋಡಿ" ಎಂದ. ಜಪಾನಿನ ಚಿತ್ರಕಥೆ, ಅವರು ಮಾಂಗಾ ಎನ್ನುವುದು. ಹೆಸರು 'ಪೋ ಕುಲ'. ರಕ್ತ ಹೀರುವವರ ಕಥೆ ಎಂದು ಕೇಳಿ ನಾವು ಮೂಗು ಮುರಿದೆವು. ಓದಿದ ಮೇಲೆ ನಮಗೇ ನಾಚಿಕೆಯಾಯಿತು.

ಬರೆದವರು ಮೋತೊ ಹಾಗಿಯೊ ಎಂಬ ಮಹಿಳೆ. 1972ರಿಂದ 1976ರವರೆಗೆ ಹುಡುಗಿಯರ ಮಾಸಪತ್ರಿಕೆಯೊಂದರಲ್ಲಿ ಬಂದ ಕಥೆಗಳಿವು. ಎಡ್ಗರ್ ಹದಿನಾಲ್ಕರ ಹರೆಯದಲ್ಲೇ ನಿಂತುಬಿಟ್ಟ ರಕ್ತಪಿಪಾಸು ಹುಡುಗ. ಪ್ರಾಣದಂತಿದ್ದ ತಂಗಿ ಮೇರಿಬೆಲ್‌ಳನ್ನು ಕಳೆದುಕೊಂಡ ಮೇಲೆ ಅಲನ್ ಎಂಬ ಹುಡುಗನನ್ನು ತನ್ನಂತೆಯೇ ಮಾಡಿಕೊಂಡು, ಅವನೊಡನೆ ನೂರು ವರ್ಷ ಊರೂರು ಅಲೆಯುತ್ತಾನೆ. ಬೆಳೆಯದ ಮಕ್ಕಳೆಂದು ಜನರಿಗೆ ಸಂಶಯ ಬರುವ ಮೊದಲೇ ಊರು ಬಿಡಬೇಕು.

ಕಥೆಗಳು ಕಾಲಕ್ರಮದಲ್ಲಿ ಬರಲಿಲ್ಲ. ಒಂದು ಹದಿನೆಂಟನೇ ಶತಮಾನದ್ದು, ಇನ್ನೊಂದು 1959ರ ಜರ್ಮನಿಯ ಹುಡುಗರ ಶಾಲೆಯದು. ಹಾಗಾಗಿ ಓದುಗರೇ ಕುಳಿತು ಇಸವಿಗಳ ಪಟ್ಟಿ ಮಾಡಿದರು. ಕಥೆಯೊಳಗೂ ಅಂಥವರೇ ಇದ್ದಾರೆ: ಬೇರೆ ಬೇರೆ ಕಾಲದಲ್ಲಿ ಕಂಡ ಒಬ್ಬನೇ ಹುಡುಗನ ಜಾಡು ಹಿಡಿದು, ಹಳೆಯ ಚಿತ್ರ, ದಿನಚರಿ ಕೂಡಿಸಿ ಚರ್ಚಿಸುವವರು.

1976ರ ಕೊನೆಯ ಕಥೆಯಲ್ಲಿ ಉರಿಯುವ ಮನೆಯೊಳಗೆ ಅಲನ್ ಮರೆಯಾದ. ಸತ್ತನೇ? ಎಡ್ಗರ್ ಬದುಕಿದನೇ? ನಲವತ್ತು ವರ್ಷ ವಾದ ನಡೆಯಿತು. 2016ರಲ್ಲಿ ಹಾಗಿಯೊ ಮತ್ತೆ ಬರೆಯತೊಡಗಿದರು. ಆದರೆ ಆ ಕಥೆ 1944ರದ್ದು, ಉತ್ತರ ಸಿಗಲಿಲ್ಲ. 2018ರಲ್ಲಿ ಶುರುವಾದ 'ಯೂನಿಕಾರ್ನ್'ನಲ್ಲಿ ತಿಳಿಯಿತು: ಎಡ್ಗರ್ ಬದುಕಿದ್ದಾನೆ, ಕರಕಲಾಗಿ ಉಳಿದ ಅಲನ್‌ನನ್ನು ಹೊತ್ತುಕೊಂಡೇ ತಿರುಗುತ್ತಿದ್ದಾನೆ, ಎಂದಾದರೂ ಎಬ್ಬಿಸುವ ಆಸೆಯಿಂದ.

ಇವರಿಬ್ಬರ ನಂಟು ಏನು ಎಂಬುದು ದೊಡ್ಡ ಜಗಳ. ಅಲನ್ ಬರೀ ತಂಗಿಯ ಜಾಗ ತುಂಬಿದವನು ಎನ್ನುವವರಿದ್ದಾರೆ. ಗೆಳೆತನವಷ್ಟೇ ಎನ್ನುವವರಿದ್ದಾರೆ. ಅದು ಪ್ರೀತಿಯೇ ಎನ್ನುವವರೂ ಇದ್ದಾರೆ. ಹುಡುಗರ ನಡುವಿನ ಒಲವನ್ನು ಹಾಗಿಯೊ 1974ರ 'ಥಾಮಸನ ಹೃದಯ'ದಲ್ಲಿ ನೇರವಾಗಿಯೇ ಚಿತ್ರಿಸಿದವರು. ಇಲ್ಲಿ ಮಾತ್ರ ಹೆಸರಿಡಲಿಲ್ಲ. ಹೆಸರಿಡದ ಮಾತ್ರಕ್ಕೆ ಇಲ್ಲವೆಂದು ಹೇಳಲು ನಾವು ಯಾರು? ಹೊರೆಯಾದರೂ ಕೆಳಗಿಡದೆ ಹೊತ್ತವನ ಮನಸ್ಸಿನಲ್ಲಿ ಏನಿದೆಯೆಂದು ಓದುಗನಿಗೆ ತಿಳಿಯದೇ?

ಇಂಥ ಊಹಾಪೋಹವೆಲ್ಲ ಕೆಲಸವಿಲ್ಲದವರ ಹರಟೆ ಎಂದು ನಮ್ಮ ಮಾಷ್ಟ್ರುಗಳೇ ಹೇಳುವುದುಂಟು. ನಮಗೆ ಹಾಗನ್ನಿಸುವುದಿಲ್ಲ. ಪುಟ ತಿರುಗಿಸಿ ಸಾಕ್ಷಿ ಹುಡುಕುವುದು, ಇನ್ನೊಬ್ಬನ ವಾದಕ್ಕೆ ಎದುರುವಾದ ಕಟ್ಟುವುದು, ಬರೆಯದೇ ಬಿಟ್ಟದ್ದನ್ನು ಓದುವುದು: ನಾವು ತರಗತಿಯಲ್ಲಿ ಕಲಿಸಬೇಕಾದದ್ದೂ ಇದನ್ನೇ. ನಾವೋ ಗೈಡು ನೋಡಿ ಒಂದೇ ಉತ್ತರ ಬರೆಸುತ್ತೇವೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇವೆ. ಪುಸ್ತಕ ಕೊಟ್ಟ ಈ ಹುಡುಗ ಹತ್ತನೆಯಲ್ಲಿದ್ದಾಗ ಸದಾ ಒಬ್ಬ ಗೆಳೆಯನ ಜೊತೆಗೇ ಇರುತ್ತಿದ್ದ. ಉಳಿದ ಹುಡುಗರು ಅಡ್ಡಹೆಸರಿಟ್ಟು ನಗುತ್ತಿದ್ದರು. ನಮ್ಮ ಕಿವಿಗೂ ಬಿದ್ದಿತ್ತು. ಕೇಳದವರಂತೆ ಹಾಜರಿ ಕರೆದೆವು. ಪುಸ್ತಕ ಹಿಂದಿರುಗಿಸುವಾಗ, "ಇವರಿಬ್ಬರಲ್ಲಿ ನಿನಗೆ ಯಾರು ಇಷ್ಟ?" ಎಂದು ಕೇಳಿದೆವು. "ಯಾರೆಂದಲ್ಲ ಮಾಷ್ಟ್ರೇ, ಒಬ್ಬರನ್ನೊಬ್ಬರು ಬಿಟ್ಟುಹೋಗುವುದಿಲ್ಲವಲ್ಲ, ಅದು ಇಷ್ಟ" ಎಂದ.

ಅವನು ಬೇರೇನೂ ಹೇಳಲಿಲ್ಲ, ನಾವೂ ಕೆದಕಲಿಲ್ಲ. ಆದರೆ ಅಂದು ನಾವು ಸುಮ್ಮನಿದ್ದದ್ದು ತಪ್ಪು. ನಿಮ್ಮ ತರಗತಿಯಲ್ಲೂ ಅಂಥ ನಗು ಕೇಳಿಸಿದರೆ, ದಯವಿಟ್ಟು ಹಾಜರಿ ಪುಸ್ತಕ ಮುಚ್ಚಿಟ್ಟು ಮೊದಲು ಅದನ್ನು ನಿಲ್ಲಿಸಿ.