ಬಾಯಿಯ ರೋಗವಲ್ಲ, ಕಿವಿಯ ರೋಗ

"ನಮ್ಮ ಜನ ಬಾಯೇ ಬಿಡಲ್ಲ, ಏನ್ ಮಾಡಾಕಾಗ್ತದೆ?" ಬೆದರಿಸಿ ದುಡ್ಡು ಕೀಳುವವರ ಮಾತು ಬಂದಾಗಲೆಲ್ಲ ಊರ ದೊಡ್ಡವರು ಹೀಗಂದು ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಕೆಲವು ಮೇಷ್ಟ್ರುಗಳೂ ಹೂಂಗುಟ್ಟುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಕೊಟ್ಟು ಸುಮ್ಮನಾಗುವ ಬಡವ ಹೇಡಿಯಲ್ಲ. ಬಾಯಿ ಬಿಟ್ಟವರ ಗತಿ ಏನಾಯಿತೆಂದು ಅವನಿಗೆ ಗೊತ್ತಿದೆ.

ಇದು ನಮ್ಮ ಸೀಮೆಗೆ ಮಾತ್ರ ಅಂಟಿದ ಜಾಡ್ಯವೂ ಅಲ್ಲ. ನೂರಿಪ್ಪತ್ತು ವರ್ಷದ ಹಿಂದೆ ದಕ್ಷಿಣ ಇಟಲಿಯ ಬಡ ರೈತರು ಹಡಗು ಹತ್ತಿ ನ್ಯೂಯಾರ್ಕಿಗೆ ಕೂಲಿಗೆ ಹೋದರು. ಭಾಷೆ ಬಾರದ ಊರು, ಒಂದೇ ಕೇರಿಯಲ್ಲಿ ಒತ್ತೊತ್ತಾಗಿ ಬಿಡಾರ. ಅವರಲ್ಲಿ ಯಾರೋ ಒಬ್ಬ ಹಣ್ಣಿನಂಗಡಿ ಇಟ್ಟ, ಇನ್ನೊಬ್ಬ ಕ್ಷೌರದಂಗಡಿ ಇಟ್ಟ. ನಾಲ್ಕು ಕಾಸು ಕಂಡ ಕೂಡಲೇ ಒಂದು ಕಾಗದ ಬರುತ್ತಿತ್ತು. ಇಷ್ಟು ಡಾಲರ್ ಇಂಥ ಕಡೆ ತಂದಿಡು, ಇಲ್ಲವಾದರೆ ಅಂಗಡಿಗೆ ಬಾಂಬು, ಮಗು ಕಾಣೆ. ಕೆಳಗೆ ಸಹಿಯ ಬದಲು ಕಪ್ಪು ಮಸಿಯಲ್ಲಿ ಬರೆದ ಅಂಗೈ. 'ಕಪ್ಪು ಕೈ' ಎಂದೇ ಹೆಸರಾಯಿತು. ಬರೆದವನು ಬಿಳಿಯ ದೊರೆಯಲ್ಲ, ಇವರ ಭಾಷೆಯವನೇ, ಇವರ ಮನೆಯ ಒಳಹೊರಗು ಬಲ್ಲವನೇ. ಅಲ್ಲಿನ ಪತ್ರಿಕೆಗಳು ಮಾತ್ರ ಇಟಲಿಯವರೆಲ್ಲ ಕೊಲೆಗಡುಕರು ಅಂತ ಬರೆದವು. ಬಲಿಯಾದವರೂ ಇಟಲಿಯವರೇ ಎಂಬುದು ಯಾರಿಗೂ ಬೇಡವಾಯಿತು. (ಸಿನಿಮಾದವರು ರಾಯಲಸೀಮೆಗೆಲ್ಲ ಮಚ್ಚು, ಸುಮೋ, ನಾಡಬಾಂಬು ಹಂಚಿ ಕೂರಿಸಿಲ್ಲವೇ, ಹಾಗೆ.)

1910ರಲ್ಲಿ ಎನ್ರಿಕೋ ಕರೂಸೋ ಎಂಬ ಹಾಡುಗಾರನಿಗೂ ಇಂಥ ಕಾಗದ ಬಂತು. ಜಗತ್ಪ್ರಸಿದ್ಧ ಗಾಯಕ. ಪೊಲೀಸರು ಹೊಂಚು ಹಾಕಿ, ದುಡ್ಡು ಎತ್ತಲು ಬಂದವರನ್ನು ಹಿಡಿದರು. ಹಣ್ಣಿನಂಗಡಿಯವನಿಗೆ ಹಾಗೆ ಹೊಂಚು ಹಾಕುವವರು ಯಾರು?

ಒಬ್ಬನಿದ್ದ. ಜೋಸೆಫ್ ಪೆಟ್ರೊಸಿನೊ, ಚಿಕ್ಕಂದಿನಲ್ಲೇ ಇಟಲಿಯಿಂದ ಬಂದು ಬೂಟು ಒರೆಸಿ ಬದುಕಿ ಪೊಲೀಸ್ ಸೇರಿದವನು. 1904ರಲ್ಲಿ ನ್ಯೂಯಾರ್ಕ್ ಪೊಲೀಸರು ಇಟಲಿಯ ಭಾಷೆ ಬಲ್ಲವರದೇ ಒಂದು ತಂಡ ಕಟ್ಟಿ ಅವನ ಕೈಗೆ ಕೊಟ್ಟರು. ತಮ್ಮ ಮಾತು ತಿಳಿಯುವ ಪೊಲೀಸ್ ಸಿಕ್ಕಮೇಲೆ, ಬಾಯಿಲ್ಲದವರು ಅನ್ನಿಸಿಕೊಂಡ ಅದೇ ಜನ ಬಾಯಿ ಬಿಟ್ಟರು ನೋಡಿ! ಮುಂದೆ ಅವನು ಪುಂಡರ ಹಳೇ ದಾಖಲೆ ತರಲು ಗುಟ್ಟಾಗಿ ಇಟಲಿಗೆ ಹೊರಟ. ಆ ಗುಟ್ಟು ಅವನ ಮೇಲಧಿಕಾರಿಯ ಬಾಯಿಂದಲೇ ಪತ್ರಿಕೆಗೆ ಹೋಯಿತು. 1909ರ ಮಾರ್ಚ್ 12ರ ರಾತ್ರಿ ಪಲೆರ್ಮೊ ಊರಿನ ಚೌಕದಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ದೂರದ ಕಥೆ ಅನ್ನಬೇಡಿ. ನಮ್ಮ ಕರಾವಳಿಯವರು ಮುಂಬಯಿಗೆ ಹೋಗಿ, ತಟ್ಟೆ ತೊಳೆದು, ಹೋಟೆಲು ಕಟ್ಟಿದರು. ಅವರಿಗೂ ಫೋನು ಬಂತು. ಹೋಟೆಲ್ ಮಾಲೀಕ ಜಯ ಶೆಟ್ಟಿ ಕೇಳಿದಷ್ಟು ಕೊಡಲಿಲ್ಲ. ಪೊಲೀಸರಿಗೆ ಹೇಳಿದರು, ಕಾವಲೂ ಸಿಕ್ಕಿತು. ಆದರೆ ಆ ಕಾವಲನ್ನು ಹಿಂದಕ್ಕೆ ಪಡೆದ ಎರಡು ತಿಂಗಳಿಗೆ, 2001ರ ಮೇ 4ರಂದು, ಅವರ ಹೋಟೆಲಿನಲ್ಲೇ ಗುಂಡು ಹಾರಿತು. ಛೋಟಾ ರಾಜನ್‌ಗೆ ಕೆಳಗಿನ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರಲ್ಲಿ, ಇಪ್ಪತ್ಮೂರು ವರ್ಷದ ಮೇಲೆ. ಇನ್ನು ಕರಾವಳಿಯ ವ್ಯಾಪಾರಿಗಳನ್ನು ವಿದೇಶದಿಂದ ಫೋನಿನಲ್ಲಿ ಬೆದರಿಸುತ್ತಿದ್ದ ಎಂಬ ಆರೋಪ ಹೊತ್ತು 2019ರಲ್ಲಿ ಆಫ್ರಿಕದ ಸೆನೆಗಲ್‌ನಲ್ಲಿ ಸಿಕ್ಕ ರವಿ ಪೂಜಾರಿ ಯಾವ ಕಡೆಯವನು? ಮಲ್ಪೆಯವನೇ.

ಈಗ ಹೇಳಿ, ರೋಗ ಬಾಯಿಯದೋ ಕಿವಿಯದೋ? ಪೆಟ್ರೊಸಿನೊ ಆಗಲಿ ಶೆಟ್ಟರಾಗಲಿ ಹೆದರಿ ಕೂತವರಲ್ಲ. ಕೈ ಬಿಟ್ಟದ್ದು ಸರ್ಕಾರ.

ನಮ್ಮ ಸ್ಥಿತಿಗೆ ಇನ್ನೊಂದು ಗಂಟು ಬಿದ್ದಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದವಾನಿ, ಆಲೂರಿನ ಜೊತೆಗೆ ರಾಯದುರ್ಗವೂ ಆಂಧ್ರಕ್ಕೆ ಹೋಯಿತು. ಮಡಕಶಿರಾದ ಮೂರು ದಿಕ್ಕಿಗೂ ಕರ್ನಾಟಕ. ನಮ್ಮ ಹುಡುಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರೆ ಆಧಾರ್ ನೋಡಿ "ಆಂಧ್ರದವನಾ?" ಅಂತಾರೆ. ಇಲ್ಲಿ ಕಚೇರಿಗೆ ಹೋದರೆ "ಕನ್ನಡಮಾ?" ಅಂತಾರೆ. ಎರಡೂ ಕಡೆ ಹೊರಗಿನವನಾದವನ ಬೆನ್ನಿಗೇ ಪುಂಡ ಬಂದು ನಿಲ್ಲುವುದು. ಸಾಲದ ಆ್ಯಪಿನವರನ್ನೇ ನೋಡಿ. ಐದು ಸಾವಿರ ಕೊಟ್ಟು, ಫೋನಿನಲ್ಲಿರುವ ನಂಬರೆಲ್ಲ ಬಾಚಿಕೊಂಡು, ಹೆಣ್ಣುಮಕ್ಕಳ ಫೋಟೋ ಕೆಡಿಸಿ ಬೀಗರಿಗೆಲ್ಲ ಕಳಿಸುತ್ತೇವೆ ಅನ್ನುತ್ತಾರೆ. ಕಪ್ಪು ಕೈ ಈಗ ಕಾಗದದಲ್ಲಿ ಬರುತ್ತಿಲ್ಲ ಅಷ್ಟೇ. ಫೋನಿನ ನಂಬರ್ ಪಟ್ಟಿಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಕಳ್ಳ ಆ್ಯಪಿಗೆ ಅದೆಲ್ಲ ಯಾವ ಲೆಕ್ಕ?

"ಕೊಟ್ಟು ಕೈ ತೊಳ್ಕೊಳಪ್ಪ" ಎನ್ನುವ ಹಿರಿಯರಿಗೆ ಒಂದು ಪ್ರಶ್ನೆ. ಒಮ್ಮೆ ಕೊಟ್ಟವನ ಬಾಗಿಲಿಗೆ ಎರಡನೇ ಸಲ ಬರದ ಪುಂಡನನ್ನು ನೀವು ಕಂಡಿದ್ದೀರಾ?

ಹಾಗಂತ "ಧೈರ್ಯವಾಗಿ ಸ್ಟೇಷನ್ನಿಗೆ ಹೋಗು" ಅಂತ ಒಬ್ಬನನ್ನೇ ಮುಂದಕ್ಕೆ ದಬ್ಬುವುದೂ ಅನ್ಯಾಯ. ಷಿಕಾಗೋದಲ್ಲಿ 1907ರಲ್ಲಿ ಇಟಲಿಯವರೇ ಕೂಡಿ 'ಬಿಳಿ ಕೈ' ಸಂಘ ಕಟ್ಟಿದ್ದರು. ಕೆಲವೇ ವರ್ಷಕ್ಕೆ ಅದು ಸೊರಗಿತು ನಿಜ, ಆದರೆ ದಾರಿ ಸರಿಯಾಗಿತ್ತು. ನಮ್ಮ ಕೈಯಲ್ಲಿ ಅವರಿಗಿಲ್ಲದ ಹತಾರಗಳೂ ಇವೆ. ಹೊಸ ನ್ಯಾಯಸಂಹಿತೆಯ 308ನೇ ಕಲಂ ಪ್ರಕಾರ ಸುಲಿಗೆಗೆ ಏಳು ವರ್ಷದವರೆಗೆ ಜೈಲು. ಬೆದರಿಕೆ ಬೆಂಗಳೂರಿನಲ್ಲಿ ನಡೆದಿದ್ದರೂ ಮಡಕಶಿರಾ ಸ್ಟೇಷನ್ನಿನಲ್ಲೇ ದೂರು ಬರೆದುಕೊಳ್ಳಬೇಕು. ಅದನ್ನೇ ಜೀರೋ ಎಫ್‌ಐಆರ್ ಅನ್ನುವುದು. ಮನವಿಯನ್ನು ಕನ್ನಡದಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಫೋನಿನ ಮೋಸಕ್ಕೆ 1930 ಒತ್ತಿದರೆ ಸಾಕು. ಮೇಷ್ಟ್ರುಗಳು "ಜನ ಬಾಯಿ ಬಿಡಲ್ಲ" ಅನ್ನುವುದು ಬಿಟ್ಟು, ವಾಚನಾಲಯದ ಈ ಮೇಜಿನ ಮೇಲೇ ದೂರು ಬರೆದುಕೊಡಲಿ. ಕೆಳಗೆ ಒಂದು ಹೆಬ್ಬೆಟ್ಟಲ್ಲ, ಇಡೀ ಕೇರಿಯ ಸಹಿ ಬೀಳಲಿ. ಕೊಡಲು ಹತ್ತು ಜನ ಒಟ್ಟಿಗೆ ಹೋಗಲಿ, ಸ್ವೀಕೃತಿ ಕೈಗೆ ಬರುವವರೆಗೂ ಸ್ಟೇಷನ್ ಜಗಲಿ ಬಿಟ್ಟು ಏಳಬೇಡಿ.