ಮಕ್ಕಳ ಲಿವರಿಗೆ ಬಾಟಲಿಯ ಮದ್ದು ಸಾಕೇ?

ನಮ್ಮ ಬ್ಯಾರಿ ಮನೆಗಳಲ್ಲಿ ಗುಂಡು ಗುಂಡಾಗಿರುವ ಮಗುವನ್ನು ಕಂಡರೆ ಎಲ್ಲರಿಗೂ ಖುಷಿ. ‘ಮಾಶಾ ಅಲ್ಲಾಹ್, ಚೆನ್ನಾಗಿ ತಿನ್ನುತ್ತಾನೆ’ ಎನ್ನುತ್ತೇವೆ. ಅದೇ ಹುಡುಗನ ಸ್ಕ್ಯಾನಿಂಗ್ ವರದಿಯಲ್ಲಿ ಫ್ಯಾಟಿ ಲಿವರ್ ಎಂದು ಬಂದರೆ ಯಾರೂ ನಂಬುವುದಿಲ್ಲ. ಹೆಂಡದ ಸುಳಿವೇ ಇಲ್ಲದ ಮನೆಗೆ ಲಿವರ್ ಕಾಯಿಲೆ ಹೇಗೆ ಬಂತು ಎಂದು ಕೇಳುತ್ತಾರೆ.

ಬರುವುದು ಹೆಚ್ಚಿದ ತೂಕದಿಂದ, ಸಕ್ಕರೆಯಿಂದ, ಆಟವಿಲ್ಲದ ದಿನಗಳಿಂದ. ವಂಶದ ಪಾಲೂ ಸ್ವಲ್ಪ ಇದೆ. ಮಿತಿ ಮೀರಿದ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮೊದಲಿಗೆ ನೋವಿಲ್ಲ. ಹಾಗೇ ಬಿಟ್ಟರೆ ಕೆಲವರಲ್ಲಿ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ.

ಈಗ ಇದಕ್ಕೆ ಪ್ರೋಬಯಾಟಿಕ್ ಕೊಟ್ಟರೆ ಸಾಕು ಎಂಬ ಮಾತು ವಾಟ್ಸಾಪ್‌ನಲ್ಲಿ ಓಡುತ್ತಿದೆ. ಮಾತು ಪೂರ್ತಿ ಸುಳ್ಳಲ್ಲ. ಕರುಳಿನ ರಕ್ತ ನೇರವಾಗಿ ಲಿವರಿಗೇ ಹೋಗುವುದರಿಂದ ಕರುಳಿನ ಬ್ಯಾಕ್ಟೀರಿಯಾಗಳ ಪ್ರಭಾವ ಅಲ್ಲಿಗೂ ತಲುಪುತ್ತದೆ. 2011ರಲ್ಲಿ ಇಟಲಿಯಲ್ಲಿ 20 ಮಕ್ಕಳ ಮೇಲೆ ಎಂಟು ವಾರ ಪರೀಕ್ಷೆ ನಡೆಯಿತು. ಪ್ರೋಬಯಾಟಿಕ್ ತೆಗೆದುಕೊಂಡವರ ರಕ್ತದಲ್ಲಿ ಎ.ಎಲ್.ಟಿ. ಎಂಬ ಲಿವರ್ ಕಿಣ್ವ ಇಳಿಯಿತು, ತೂಕ ಇಳಿಯಲಿಲ್ಲ. 2014ರಲ್ಲಿ ಅಲ್ಲೇ 44 ಮಕ್ಕಳಿಗೆ ನಾಲ್ಕು ತಿಂಗಳು ಬೇರೊಂದು ಮಿಶ್ರಣವನ್ನು ಪರೀಕ್ಷಿಸಿದಾಗ ಸ್ಕ್ಯಾನಿಂಗ್‌ನಲ್ಲೂ ಸುಧಾರಣೆ ಕಂಡಿತು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಮಕ್ಕಳು ಕೆಲವೇ ಮಂದಿ, ಅವಧಿ ಕೆಲವೇ ತಿಂಗಳು. ಉತ್ತರ ಅಮೆರಿಕದ ಮಕ್ಕಳ ಲಿವರ್ ತಜ್ಞರ 2017ರ ಮಾರ್ಗಸೂಚಿ ಯಾವ ಮಾತ್ರೆ, ಪುಡಿಯನ್ನೂ ಚಿಕಿತ್ಸೆಯಾಗಿ ಶಿಫಾರಸು ಮಾಡಲಿಲ್ಲ. ಆಹಾರ ಮತ್ತು ಓಡಾಟ ಸರಿಪಡಿಸುವುದೇ ಮೊದಲು ಎಂದಿತು.

ಅದಕ್ಕೆ ಸಾಕ್ಷಿಯೂ ಇದೆ. 2019ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 40 ಹುಡುಗರ ಅಧ್ಯಯನವೊಂದು ಪ್ರಕಟವಾಯಿತು. ಎಂಟು ವಾರ ಸಕ್ಕರೆ ಬಹುಪಾಲು ಬಿಟ್ಟವರ ಲಿವರ್ ಕೊಬ್ಬು 25%ರಿಂದ 17%ಕ್ಕೆ ಇಳಿಯಿತು. ಎಂದಿನಂತೆ ತಿಂದವರಲ್ಲಿ 21%ರಿಂದ 20%, ಅಷ್ಟೇ.

ಇದು ಕರಾವಳಿಯ ಗಲ್ಫ್ ದುಡ್ಡಿನ ಮನೆಗಳ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಮಡಕಶಿರಾ ಕಡೆಯ ನಮ್ಮ ರತ್ನಗಿರಿಯಲ್ಲಿ ಊಟ ರಾಗಿ ಮುದ್ದೆ, ಮಜ್ಜಿಗೆ. ಆದರೂ ಅಂಗಡಿಗೆ ಬರುವ ಮಕ್ಕಳ ಕೈ ಹೋಗುವುದು ಜ್ಯೂಸ್ ಪ್ಯಾಕೆಟ್ಟಿಗೆ. ಅಂಗಡಿಯವನ ಮಗನಾಗಿ ಹೇಳುತ್ತೇನೆ, ಪ್ಯಾಕೆಟ್ ತಿರುಗಿಸಿ ಓದಿ. 100 ಮಿಲಿಗೆ 12 ಗ್ರಾಂ ಸಕ್ಕರೆ ಎಂದಿದ್ದರೆ 200 ಮಿಲಿಯಲ್ಲಿ 24 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚ. ಸಿಹಿ ಹಾಕಿದ ಪ್ರೋಬಯಾಟಿಕ್ ಪಾನೀಯಗಳ ಲೇಬಲನ್ನೂ ಹಾಗೆಯೇ ಓದಿ. ಕಲಬೆರಕೆ ಡೀಸೆಲ್ ಹಾಕುತ್ತಲೇ ಇದ್ದು ಫಿಲ್ಟರ್ ಮಾತ್ರ ಬದಲಿಸಿದರೆ ಎಂಜಿನ್ ಉಳಿಯುವುದಿಲ್ಲ.

ಮನೆಯ ಮೊಸರು, ಮಜ್ಜಿಗೆ ಒಳ್ಳೆಯ ಆಹಾರ, ಕೊಡಿ. ಅದನ್ನು ಔಷಧಿ ಎಂದುಕೊಳ್ಳಬೇಡಿ. ಮಗುವಿನ ತೂಕ ತುಂಬಾ ಹೆಚ್ಚಿದ್ದರೆ ಒಂಬತ್ತು ಹತ್ತು ವರ್ಷಕ್ಕೆ ವೈದ್ಯರನ್ನು ಕೇಳಿ ಎ.ಎಲ್.ಟಿ. ರಕ್ತ ಪರೀಕ್ಷೆ ಮಾಡಿಸಿ. ಉಪವಾಸ ಮಾಡಿಸಿ ಬಡಕಲು ಮಾಡುವುದು ಬೇಡ.

ಹೊಟ್ಟೆಯ ಮೂರನೇ ಒಂದು ಪಾಲು ಮಾತ್ರ ಊಟಕ್ಕೆ ಎಂದು ಪ್ರವಾದಿಯವರು ಕಲಿಸಿದ್ದನ್ನು ಮದ್ರಸದಲ್ಲಿ ಎಲ್ಲರೂ ಕೇಳಿದ್ದೇವೆ. ಇಫ್ತಾರಿನ ಶರ್ಬತ್ತಿಗೆ ಸಕ್ಕರೆ ಸುರಿಯುವಾಗ ಅದು ನೆನಪಾಗಲಿ. ಕುಟುಂಬದವರ ಮನೆಗೆ ಹೋಗುವಾಗ ಬೇಕರಿ ಡಬ್ಬದ ಬದಲು ಹಣ್ಣು ಒಯ್ಯೋಣ. ಮಕ್ಕಳು ಅಸರ್ ನಮಾಝಿನ ನಂತರ ಮೈದಾನದಲ್ಲಿರಲಿ. ಪ್ರೋಬಯಾಟಿಕ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ವೈದ್ಯರು ಹೇಳಲಿ.